ನಮ್ಮದು ಕಂಪೆನಿಯಲ್ಲ, ಕುಟುಂಬ



ಬಿ.ಟಿ.ಎಂ. ಬಡಾವಣೆಯ ಎರಡನೆಯ ಹಂತದಲ್ಲಿ ನೀವು ಒಂದು ಸಂಜೆ ನಡೆದಾಡಿದರೆ, ಹೊರಗಿನಿಂದ ಮನೆಯಂತೆಯೇ ಕಾಣುವ ಕಚೇರಿಗಳನ್ನು ಗುರುತಿಸುವುದು ಕಷ್ಟವಾಗಲಾರದು. ಗೇಟಿನ ಪಕ್ಕದಲ್ಲಿ ಪುಟ್ಟದೊಂದು ಫಲಕ, ಕಾರು ನಿಲ್ಲಬೇಕಾದ ಜಾಗದಲ್ಲಿ ಸಾಲು ಸ್ಕೂಟರುಗಳು, ಅಡುಗೆಮನೆ ಇದ್ದೆಡೆ ಕಾಫಿ ಯಂತ್ರ, ಮಲಗುವ ಕೋಣೆಯಲ್ಲಿ ಲೆಕ್ಕಪತ್ರ ವಿಭಾಗ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಹೆಸರು ಪಡೆದ ಈ ಬಡಾವಣೆಯಲ್ಲಿಯೂ, ಅದರಾಚೆಯ ಜೆ.ಪಿ. ನಗರದಲ್ಲಿಯೂ ವಾಸಕ್ಕೆಂದು ಕಟ್ಟಿದ ಎಷ್ಟೋ ಮನೆಗಳು ಕಚೇರಿಗಳಾಗಿವೆ. ಮನೆಯೊಳಗೆ ಸೇರಿಕೊಂಡ ಕಚೇರಿ ತನ್ನನ್ನು ಮನೆಯೆಂದೇ ಕರೆದುಕೊಳ್ಳತೊಡಗಿದರೆ ಅಚ್ಚರಿಪಡಬೇಕಾಗಿಲ್ಲ. "ನಮ್ಮದು ಕಂಪೆನಿಯಲ್ಲ, ಕುಟುಂಬ" ಎಂಬ ಮಾತನ್ನು ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಿಸಿಕೊಂಡವರು ನಿಮ್ಮ ಮನೆಯಲ್ಲಿಯೂ ಒಬ್ಬರಾದರೂ ಇದ್ದಾರು.

ಉದ್ಯೋಗಸ್ಥಳದಲ್ಲಿ ಸೌಹಾರ್ದವನ್ನು ಬೆಳೆಸುವುದು ಹೇಗೆಂದು ಬೋಧಿಸುವ ಪುಸ್ತಕಗಳಿಗೂ ಉಪನ್ಯಾಸಗಳಿಗೂ ಇಂದು ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ಈ ಕುಟುಂಬದ ಮಾತಿನಿಂದಲೇ ತೊಡಗುತ್ತವೆ. ನಾನೂ ಅಂಥದೊಂದು ಕಚೇರಿಯಲ್ಲಿ ಹದಿನಾಲ್ಕು ವರ್ಷ ಲೆಕ್ಕಪತ್ರ ವಿಭಾಗವನ್ನು ನೋಡಿಕೊಂಡವನು. ಆ ಮಾತನ್ನು ಕೇಳಿದ್ದೇನೆ. ಕೇಳಿದ್ದಕ್ಕಿಂತ ಹೆಚ್ಚಾಗಿ ಆಡಿದ್ದೇನೆ. ಅದರ ಲೆಕ್ಕವನ್ನು ಕೊನೆಯಲ್ಲಿ ನಿಮ್ಮ ಮುಂದೆ ಒಪ್ಪಿಸುವೆನು. ಅದಕ್ಕೆ ಮುನ್ನ ನಮ್ಮ ಭಾಷೆಯ ಎರಡು ಕೃತಿಗಳನ್ನು ಈ ಒಂದು ಮಾತಿನ ಬೆಳಕಿನಲ್ಲಿ ಓದಬೇಕೆಂಬುದು ನನ್ನ ಆಸೆ.

ಮೊದಲನೆಯದು ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಕನ್ನಡದಲ್ಲಿ ಪ್ರಕಟವಾದ ಈ ನೀಳ್ಗತೆ, ಶ್ರೀನಾಥ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ದೇಶದಾಚೆಗೂ ಹೋಯಿತು. ಇದನ್ನು ಎಲ್ಲರೂ ಕುಟುಂಬದ ಕಥೆಯೆಂದು ಓದಿದ್ದಾರೆ. ಹಣ ಬಂದ ಮೇಲೆ ಮನುಷ್ಯರು ಕೆಡುವ ಕಥೆಯೆಂದು ಹೊಗಳಿದ್ದಾರೆ. ಅದು ತಪ್ಪಲ್ಲ. ಆದರೆ ಇದು ಉದ್ಯೋಗದ ಕಥೆಯೂ ಹೌದೆಂಬುದನ್ನು ವಿಮರ್ಶಕರು ಅಷ್ಟಾಗಿ ಗಮನಿಸಿದಂತೆ ನನಗೆ ತೋರಲಿಲ್ಲ. ಇಡೀ ಕಥೆಯ ಬೆನ್ನೆಲುಬು ಒಂದು ವ್ಯಾಪಾರ ಸಂಸ್ಥೆ. ಅದರ ಹೆಸರು ಸೋನಾ ಮಸಾಲಾ. ಮಸಾಲೆ ಪದಾರ್ಥಗಳನ್ನು ಸಗಟಾಗಿ ತರಿಸಿ, ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ತುಂಬಿ ಅಂಗಡಿಗಳಿಗೆ ಮಾರುವುದು ಅದರ ಕಸುಬು. ಕಟ್ಟಿದವರು ಚಿಕ್ಕಪ್ಪ, ಬಂಡವಾಳಕ್ಕೆ ಸೇರಿದ್ದು ಕೆಲಸದಿಂದ ನಿವೃತ್ತಿ ಪಡೆಯಬೇಕಾಗಿ ಬಂದ ಅಪ್ಪನ ಹಣ.

ಸೋನಾ ಮಸಾಲಾಕ್ಕೆ ಮುಂಚಿನ ಪುಟಗಳನ್ನು ನೀವು ನಿಧಾನವಾಗಿ ಓದಬೇಕು. ಅಪ್ಪ ಆಗ ಬೇರೊಂದು ಕಂಪೆನಿಯ ಸೇಲ್ಸ್‌ಮನ್. ದಿನವಿಡೀ ಅಂಗಡಿ ಅಂಗಡಿ ತಿರುಗಿ ವಸೂಲು ಮಾಡಿದ ಹಣದ ಲೆಕ್ಕವನ್ನು ಮನೆಯಲ್ಲಿ ಕುಳಿತು ಬರೆಯುವವರು. ಒಮ್ಮೆ ಲೆಕ್ಕ ತಾಳೆಯಾಗದೆ ಹೋದಾಗ ಮನೆಗೆ ಮನೆಯೇ ಕಂಗಾಲಾಗುತ್ತದೆ. ಹೆಂಡತಿ ಮಕ್ಕಳೆಲ್ಲ ಆ ಕಾಗದಗಳ ಸುತ್ತ ಸೇರುತ್ತಾರೆ. ಲೆಕ್ಕ ಬರೆದೇ ಬದುಕಿದ ನನ್ನಂಥವನಿಗೆ ಆ ಪ್ರಸಂಗವನ್ನು ಓದುವಾಗ ಅಂಗೈ ಬೆವರಿತು ಎಂದರೆ ಉತ್ಪ್ರೇಕ್ಷೆಯಲ್ಲ. ಕಂಪೆನಿಯ ಲೆಕ್ಕವನ್ನು ಸರಿಪಡಿಸಲು ಒಂದು ಸಂಸಾರ ನಿದ್ದೆಗೆಡುತ್ತದೆ. ಆ ಸಂಸಾರದ ನಿದ್ದೆಗೆ ಕಂಪೆನಿಯ ಪುಸ್ತಕದಲ್ಲಿ ಕಾಲಮ್ಮಿಲ್ಲ. ಲೇಖಕರು ಇದನ್ನು ದೂರಿನ ದನಿಯಲ್ಲಿ ಹೇಳುವುದಿಲ್ಲ. ಮನೆಯವರು ಒಗ್ಗಟ್ಟಾಗಿದ್ದ ದಿನಗಳ ನೆನಪೆಂದೇ ಹೇಳುತ್ತಾರೆ. ಆದ್ದರಿಂದಲೇ ಅದು ಮನಸ್ಸಿಗೆ ನಾಟುತ್ತದೆ.

ಮುಂದೆ ಕಂಪೆನಿಯೇ ಕುಟುಂಬದ ಸ್ವತ್ತಾಗುತ್ತದೆ. ಆಗ ಏನಾಗುತ್ತದೆಂಬುದನ್ನು ನೋಡಿ. ದುಡಿಯುವ ಚಿಕ್ಕಪ್ಪನ ಮರ್ಜಿಯನ್ನು ಕಾಯುವುದೇ ಉಳಿದವರ ಉದ್ಯೋಗ. ಅವರ ಊಟ, ಅವರ ನಿದ್ದೆ, ಅವರ ಮುಖದ ಗೆರೆ, ಎಲ್ಲದರ ಮೇಲೂ ಎಲ್ಲರ ಕಣ್ಣು. ಕಥೆ ಹೇಳುವ ಮಗ ಸಂಸ್ಥೆಯ ನಿರ್ದೇಶಕ. ಸಂಬಳ ತಪ್ಪದೆ ಬರುತ್ತದೆ, ಮಾಡುವ ಕೆಲಸ ಮಾತ್ರ ಇಲ್ಲ. ಹಗಲು ಕಾಫಿ ಹೌಸಿನಲ್ಲಿ ಕಳೆಯುತ್ತದೆ. ಚಿಕ್ಕಪ್ಪನನ್ನು ಕೇಳಿಕೊಂಡು ಹೆಂಗಸೊಬ್ಬಳು ಮನೆಬಾಗಿಲಿಗೆ ಬಂದಾಗ, ಒಳಗಿನ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ಅದನ್ನು ಅನ್ಯಾಯವೆಂದು ಹೇಳುವವಳು ಸೊಸೆ ಅನಿತಾ ಒಬ್ಬಳೇ. ಗಂಡನ ಸಂಪಾದನೆ ಎಂಥದೆಂದು ಕೇಳಿದವಳೂ ಅವಳೇ. ಪ್ರಶ್ನೆ ಕೇಳಿದವಳು ಆ ಮನೆಗೆ ಹೊರಗಿನವಳಾಗುತ್ತಾಳೆ. ಕಥೆಯ ಕೊನೆಯನ್ನು ನಾನಿಲ್ಲಿ ಬಿಡಿಸಿ ಹೇಳುವುದಿಲ್ಲ. ಓದಿದವರಿಗೆ ಅದು ಗೊತ್ತು. ಓದದವರು ತಾವೇ ಓದಿ ತಿಳಿಯುವುದು ಒಳ್ಳೆಯದು.

ಇಲ್ಲಿಯೇ ನನಗೆ ಆ ಫಲಕದ ಮಾತು ನೆನಪಾಗುವುದು. ಕುಟುಂಬವೆಂಬುದು ಪ್ರೀತಿಯ ನೆಲೆ ನಿಜ. ಹಾಗೆಯೇ ಅದು ಯಾರು ಯಾರಿಗೆ ಎದುರಾಡಬಾರದು ಎಂಬ ಬರೆಯದ ಕಟ್ಟಳೆಗಳ ನೆಲೆಯೂ ಹೌದು. ಮನೆಯಲ್ಲಿ ಮಗಳು ರಾತ್ರಿ ಹತ್ತರವರೆಗೆ ಪಾತ್ರೆ ತೊಳೆದರೆ ಅದಕ್ಕೆ ಕೂಲಿ ಕೇಳುವಂತಿಲ್ಲ. ಹಿರಿಯರು ಗದರಿದರೆ ದೂರು ಕೊಡಲು ಕಚೇರಿಯಿಲ್ಲ. ಕಂಪೆನಿಯೊಂದು ತನ್ನನ್ನು ಕುಟುಂಬವೆಂದು ಕರೆದುಕೊಂಡಾಗ ಪ್ರೀತಿ ಬರುವುದೋ ಇಲ್ಲವೋ, ಆ ಕಟ್ಟಳೆಗಳು ಮಾತ್ರ ತಪ್ಪದೆ ಬರುತ್ತವೆ. ಮೇಲಾಗಿ, ಮನೆಯವರು ಮಗಳನ್ನು ಮೂರು ತಿಂಗಳ ನೋಟೀಸು ಕೊಟ್ಟು ಹೊರಗೆ ಕಳಿಸುವುದಿಲ್ಲ, ಕಂಪೆನಿ ಕಳಿಸುತ್ತದೆ.

ಎರಡನೆಯ ಕೃತಿ ಯಶವಂತ ಚಿತ್ತಾಲರ 'ಶಿಕಾರಿ'. ಇದು 1979ರಲ್ಲಿ ಹೊರಬಂದಿತು. ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದ ಚಿತ್ತಾಲರಿಗೆ ದೊಡ್ಡ ಕಂಪೆನಿಯ ಒಳಮನೆ ಚೆನ್ನಾಗಿ ಗೊತ್ತಿತ್ತು. ನಾಯಕ ನಾಗಪ್ಪ ಅಮಾನತಿಗೆ ಗುರಿಯಾಗುತ್ತಾನೆ. ತನ್ನ ಮೇಲಿನ ಆಪಾದನೆಯೇನೆಂಬುದೇ ಅವನಿಗೆ ಸ್ಪಷ್ಟವಿಲ್ಲ. ವಿಚಾರಣೆಗಾಗಿ ಕಾಯುವ ಅವನ ದಿನಗಳೇ ಕಾದಂಬರಿಯ ದೇಹ. ಇಲ್ಲಿ ಕಂಪೆನಿಗೆ ಸೌಜನ್ಯದ ಕೊರತೆಯಿಲ್ಲ, ನಯವಾದ ಪತ್ರಗಳ ಕೊರತೆಯಂತೂ ಇಲ್ಲವೇ ಇಲ್ಲ. ಬೇಟೆ ನಡೆಯುವುದು ಆ ನಯದ ಮರೆಯಲ್ಲಿ. ಅವನ ಹುಟ್ಟು, ಊರು, ಮನೆತನದ ಹಳೆಯ ಸಂಗತಿಗಳು, ಅಂದರೆ ಕಚೇರಿಗೆ ಸಂಬಂಧವೇ ಇಲ್ಲದ ಮನೆಯ ವಿಷಯಗಳು, ಅವನ ವಿರುದ್ಧದ ಆಯುಧಗಳಾಗುತ್ತವೆ. ಕಾದಂಬರಿ ಅಲ್ಲಲ್ಲಿ ಎಳೆದಂತಾಗುತ್ತದೆ ಎಂಬ ಓದುಗರ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಮನೆಯ ಗುಟ್ಟು ಕಚೇರಿಯ ಮೇಜಿನ ಮೇಲೆ ಬಂದಾಗ ಮನುಷ್ಯನಿಗೆ ಅಡಗಲು ತಾವೇ ಇಲ್ಲವಾಗುತ್ತದೆಂಬುದನ್ನು ಕನ್ನಡದಲ್ಲಿ ಇಷ್ಟು ಭಯಹುಟ್ಟುವಂತೆ ಬೇರೆ ಯಾರೂ ಬರೆದಿಲ್ಲವೆಂಬುದು ನನ್ನ ಎಣಿಕೆ.

ನಿಮಗೆಲ್ಲ ಪರಿಚಿತವಾದ ಇನ್ನೊಂದು ಉದ್ಯೋಗದ ಕಥೆಯಿದೆ. ಮತ್ತಾಯನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದ ದ್ರಾಕ್ಷಿತೋಟದ ಒಡೆಯನ ಕಥೆ. ಅವನ ಔದಾರ್ಯದ ಮೇಲೆ ನಾವು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆದರೆ ಬೆಳಿಗ್ಗೆಯೇ ಬಂದ ಆಳುಗಳೊಡನೆ ಅವನು ಮೊದಲು ಮಾಡಿಕೊಂಡದ್ದು ದಿನಗೂಲಿಯ ಒಪ್ಪಂದ. ಸಂಜೆ ಆ ಕೂಲಿ ಒಂದು ಕಾಸೂ ಕಡಿಮೆಯಿಲ್ಲದೆ ಅವರ ಕೈ ಸೇರುತ್ತದೆ. ತಡವಾಗಿ ಬಂದವರಿಗೆ ತೋರಿದ ಔದಾರ್ಯ ಅದರ ಮೇಲಿನದು. ಗೊಣಗಿದವನನ್ನೂ ಅವನು ಗೆಳೆಯನೆಂದೇ ಕರೆಯುತ್ತಾನೆ. ಮಗನೆಂದು ಕರೆದು ಬಾಯಿ ಮುಚ್ಚಿಸುವುದಿಲ್ಲ.

ಈಚಿನ ವರ್ಷಗಳಲ್ಲಿ ಈ ಕುಟುಂಬದ ಮಾತು ಇನ್ನೂ ಹಿಗ್ಗಿದೆ. ನಮ್ಮ ಜಯನಗರದವರೇ ಆದ ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ, ದೇಶಕ್ಕಾಗಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಅವರು ಸ್ವತಃ ಹಾಗೆ ದುಡಿದವರೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ತಾನು ಕಟ್ಟಿದ ಸಂಸ್ಥೆಗೆ ದುಡಿಯುವುದಕ್ಕೂ, ಅದರ ಸಂಬಳದ ಚೀಟಿಗೆ ದುಡಿಯುವುದಕ್ಕೂ ವ್ಯತ್ಯಾಸವಿದೆಯಷ್ಟೆ. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು ಹೊರಬಿತ್ತು. 90 ಗಂಟೆ ಬೇಕು, ಭಾನುವಾರವೂ ಬೇಕು, ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬುದು ಅದರ ತಾತ್ಪರ್ಯ. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯೆಂದು ಮಿತಿ ಹಾಕಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಆ 48 ಉಳಿದಿದೆ. ಕಚೇರಿಯೇ ಮನೆಯೆನ್ನುವವರ ಬಾಯಲ್ಲಿ ನಿಜವಾದ ಮನೆ ಬೇಸರದ ತಾಣವಾಗಿಬಿಡುವುದು ಹೇಗೆಂಬುದನ್ನು ನೀವು ಗಮನಿಸಬೇಕು.

ಮತ್ತೆ ಶಾನಭಾಗರ ಕಥೆಗೆ ಬರೋಣ. ನನಗೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ಸೋನಾ ಮಸಾಲಾದ ಪೊಟ್ಟಣಗಳನ್ನು ತುಂಬುವವರು, ಮೂಟೆ ಹೊರುವವರು ಅಲ್ಲಿ ಮುಖವಿಲ್ಲದವರಾಗಿಯೇ ಉಳಿಯುತ್ತಾರೆ. ಕಥೆ ಹೇಳುವವನ ಕಣ್ಣಿಗೆ ಅವರು ಬೀಳುವುದಿಲ್ಲವೆಂಬುದು ಲೇಖಕರ ಉದ್ದೇಶವೇ ಆಗಿರಬಹುದು. ಆದರೂ, ಒಂದು ಮಧ್ಯಾಹ್ನವಾದರೂ ಆ ಗೋದಾಮಿನೊಳಗೆ ನಾವು ಕುಳಿತಿದ್ದರೆ ಚೆನ್ನಾಗಿತ್ತು. ನಮ್ಮ ಸಾಹಿತ್ಯ ಮೇಜಿನ ಹಿಂದಿನವರನ್ನು ಬಲ್ಲಷ್ಟು ಯಂತ್ರದ ಹಿಂದಿನವರನ್ನು ಇನ್ನೂ ಬಲ್ಲದು ಎನ್ನುವಂತಿಲ್ಲ.

ಬಿ.ಟಿ.ಎಂ. ದಾಟಿ ರೇಷ್ಮೆ ಮಂಡಳಿಯ ವೃತ್ತದಾಚೆ ಹೋದರೆ ಬೊಮ್ಮನಹಳ್ಳಿ. 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ಆ ಹೊಸೂರು ರಸ್ತೆಯ ಮೇಲೆಯೇ ಸಾಗುತ್ತದೆ. ಕೆಳಗಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2016ರ ಏಪ್ರಿಲ್ 18ರಂದು ಅವರು ಸಾವಿರಾರು ಸಂಖ್ಯೆಯಲ್ಲಿ ಯಂತ್ರ ಬಿಟ್ಟೆದ್ದು ಆ ರಸ್ತೆಗೆ ಇಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ನಿಯಮ ಮಾಡಿತ್ತು. ದೊಡ್ಡ ನಾಯಕರಾರೂ ಅವರನ್ನು ಕರೆತಂದಿರಲಿಲ್ಲ. ಮರುದಿನ ಹಿಂಸೆಯೂ ನಡೆಯಿತು, ಬಸ್ಸುಗಳು ಉರಿದವು, ಅದನ್ನು ಮರೆಮಾಚಬೇಕಾಗಿಲ್ಲ. ಅಂದೇ, 19ರಂದು, ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ವೃದ್ಧಾಪ್ಯಕ್ಕೆಂದು ಕೂಡಿಡುವ ಹಣಕ್ಕಾಗಿ ಇಷ್ಟು ಅವಸರವೇಕೆಂದು ಅಂದು ಜಯನಗರದ ಕಾಫಿ ಮೇಜುಗಳ ಸುತ್ತ ಹಲವರು ಕೇಳಿದ್ದುಂಟು. ನಾನೂ ಕೇಳಿದೆ. ಹೊಲಿಗೆ ಯಂತ್ರದ ಮುಂದೆ 58 ವರ್ಷದವರೆಗೆ ಕೂರುವವರು ಎಷ್ಟು ಮಂದಿ ಎಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಕಣ್ಣು, ಸೊಂಟ, ಗಂಟೆಗಂಟೆಯ ಗುರಿ, ಮೇಲ್ವಿಚಾರಕನ ಬೈಗುಳ ಇವುಗಳ ನಡುವೆ ಕೆಲವು ವರ್ಷ ದುಡಿದು ಕೆಲಸ ಬಿಟ್ಟಾಗ ಕೈಗೆ ಬರುವ ಆ ಮೊತ್ತವೇ ಮಗುವಿನ ಶುಲ್ಕ, ತಂಗಿಯ ಮದುವೆ, ಮನೆಯ ಮುಂಗಡ. ಅವರು ಆ ದಿನ ಯಾರ ಪ್ರೀತಿಯನ್ನೂ ಕೇಳಲಿಲ್ಲ. ತಮ್ಮ ಹೆಸರಿನಲ್ಲಿದ್ದ ಹಣ ತಮಗೆ ಬೇಕಾದಾಗ ಸಿಗಬೇಕೆಂದರು.

ಇನ್ನು ನನ್ನ ಲೆಕ್ಕ. ಒಂದು ಮಾರ್ಚ್ ತಿಂಗಳ ಕೊನೆಯ ವಾರ. ವರ್ಷದ ಲೆಕ್ಕ ಮುಗಿಸಬೇಕು. ನನ್ನ ವಿಭಾಗದಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದ ಹೆಣ್ಣುಮಗಳನ್ನು ಕರೆದು ಭಾನುವಾರ ಬರುವಂತೆ ಹೇಳಿದೆ. ಆಕೆ ಮುಖ ಸಪ್ಪಗೆ ಮಾಡಿದಾಗ, "ನಾವೆಲ್ಲ ಒಂದೇ ಮನೆಯವರಲ್ಲವೇನಮ್ಮ?" ಎಂದೆ. ಆಕೆ ಮೆಲ್ಲಗೆ, "ಇಲ್ಲ ಸಾರ್, ನನ್ನ ಮನೆ ಯಲಚೇನಹಳ್ಳಿಯಲ್ಲಿದೆ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ವಿಳಾಸ ಕೇಳಿದವರಿಗೆ ವಿಳಾಸ ಹೇಳಿದಂತಿತ್ತು. ನಾನು ನಕ್ಕೆ.

ಭಾನುವಾರ ಆಕೆ ಬಂದಳು, ಆರು ವರ್ಷದ ಮಗನನ್ನೂ ಕರೆತಂದಳು. ಅವನನ್ನು ಬಿಟ್ಟುಬರಲು ಆ ದಿನ ಮನೆಯಲ್ಲಿ ಯಾರೂ ಇರಲಿಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಹುಡುಗ ವೋಚರುಗಳ ಕಟ್ಟಿಗೆ ತಲೆಯಿಟ್ಟು ನಿದ್ದೆಹೋದ. ಆ ಕಟ್ಟಡ ಮನೆಯಾಗಿದ್ದ ಕಾಲಕ್ಕೆ ನಮ್ಮ ವಿಭಾಗ ಮಲಗುವ ಕೋಣೆಯಾಗಿತ್ತೆಂಬುದು ಗೋಡೆಯ ಬಣ್ಣದಿಂದ ಇನ್ನೂ ತಿಳಿಯುತ್ತಿತ್ತು. ಸಂಜೆ ಏಳಕ್ಕೆ ಲೆಕ್ಕ ತಾಳೆಯಾಯಿತು. ನಾನು ಎಲ್ಲರಿಗೂ ಮಸಾಲೆ ದೋಸೆ ತರಿಸಿದೆ. ಭಾನುವಾರದ ದುಡಿಮೆಗೆ ಸಂಬಳ ಕೊಡಬೇಕೆಂಬುದು ಲೆಕ್ಕ ಬರೆಯುವವನಾದ ನನಗೇ ಹೊಳೆಯಲಿಲ್ಲ. ಮನೆಯವರಿಗೆ ಯಾರು ಕೂಲಿ ಕೊಡುತ್ತಾರೆ?

ಜೂನ್ ತಿಂಗಳಲ್ಲಿ ಆಕೆ ರಾಜೀನಾಮೆ ಕೊಟ್ಟಳು. ಬೇರೆಡೆ ಕೆಲಸ ಸಿಕ್ಕಿತ್ತು. ಸಂಬಳ ಹೆಚ್ಚೇನೂ ಇರಲಿಲ್ಲ, ಆರು ಗಂಟೆಗೆ ಬಾಗಿಲು ಹಾಕುತ್ತಾರಂತೆ. ಕೊನೆಯ ದಿನ ಬೀರುವಿನ ಕೀಲಿಗಳನ್ನು ಎಣಿಸಿ ಒಪ್ಪಿಸಿ, ಅನುಭವ ಪತ್ರ ಕೇಳಿದಳು. ನಾನೇ ಬರೆಯಲು ಕುಳಿತೆ. "ನಮ್ಮ ಕುಟುಂಬದ ಸದಸ್ಯೆಯಂತಿದ್ದರು" ಎಂದು ಕೊನೆಯ ಸಾಲು ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದೆ. ಆಮೇಲೆ ಅದನ್ನು ಹೊಡೆದುಹಾಕಿ, ಸೇರಿದ ತಾರೀಖು, ಬಿಟ್ಟ ತಾರೀಖು, ನೋಡಿಕೊಂಡ ಕೆಲಸಗಳು, ಕೊನೆಯ ತಿಂಗಳ ಸಂಬಳ ಇಷ್ಟನ್ನು ಬರೆದು ಸಹಿ ಮಾಡಿ ಕೊಟ್ಟೆ. ಆಕೆ ಅಲ್ಲಿಯೇ ನಿಂತು ತಾರೀಖುಗಳನ್ನು ಎರಡು ಸಲ ಓದಿ, ಸರಿಯಾಗಿದೆ ಎಂದಳು.