ಅನುವಾದವನ್ನು ತಡೆಯುವ ಔದಾರ್ಯ: ಸಂಶೋಧನೆಯ ಮುಕ್ತ ಪರವಾನಗಿಗಳ ಕುರಿತು ಒಂದು ವಿಮರ್ಶೆ

ಬೆಳಗಾವಿಯ ಸಭೆಯ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ದೂರದ್ದು. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬಳ್ಳಾರಿಯಿಂದ ಬೆಳಗಾವಿಗೆ ಬಂದು ಸೇವೆಯನ್ನು ಆರಂಭಿಸಿದರು. ಮುಂದೆ ವಿಲಿಯಂ ಬೆನನ್ ಅವರೊಡನೆ ಸೇರಿಕೊಂಡರು. ಅವರ ಹೆಸರು ನಗರದ ಬೆನನ್ ಸ್ಮಿತ್ ಪ್ರೌಢಶಾಲೆಯಲ್ಲಿ ಇಂದಿಗೂ ಉಳಿದಿದೆ. 1904ರಲ್ಲಿ ಈ ಸೇವಾಕ್ಷೇತ್ರವು ಮೆಥಡಿಸ್ಟ್ ಸಭೆಗೆ ಹಸ್ತಾಂತರವಾಯಿತು. ಆದರೆ ಲಂಡನ್ ಮಿಷನರಿ ಸೊಸೈಟಿಯ ಪತ್ರಗಳೂ ವರದಿಗಳೂ ಇರುವುದು ಲಂಡನ್ನಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಇಂಗ್ಲಿಷ್ ಕೈಬರಹದಲ್ಲಿ. ಆ ದೂರವನ್ನು ದಾಟಿ ಅವುಗಳನ್ನು ಓದಿ ಬಂದ ವಿದ್ಯಾರ್ಥಿಯು ಬರೆಯುವ ಪ್ರಬಂಧವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತದೆ. ಅದನ್ನು ಪ್ರಕಟಿಸುವ ದಿನ ಒಂದು ನಮೂನೆಯ ಕೊನೆಯಲ್ಲಿ ಪರವಾನಗಿಯ ಹೆಸರೊಂದನ್ನು ಗುರುತು ಮಾಡಬೇಕಾಗುತ್ತದೆ. ಆ ಗುರುತು ಬೆಳಗಾವಿಯ ಸಭೆಗೆ ಅದರ ಚರಿತ್ರೆ ಮರಳಿ ಬರುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಆದುದರಿಂದ ಪರವಾನಗಿಯನ್ನು ಕಚೇರಿಯ ಕಾಗದವೆಂದು ಬದಿಗಿಡದೆ, ವಿಮರ್ಶೆಗೆ ಯೋಗ್ಯವಾದ ಪಠ್ಯವೆಂದು ಓದಬೇಕೆಂಬುದು ನಮ್ಮ ಅಭಿಪ್ರಾಯ.

2002ರಲ್ಲಿ ಮೊದಲು ಪ್ರಕಟವಾಗಿ, 2013ರಲ್ಲಿ ನಾಲ್ಕನೆಯ ಆವೃತ್ತಿಯನ್ನು ಕಂಡ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಇಂದು ಸಂಶೋಧನಾ ಲೋಕದಲ್ಲಿ ಬಹುವಾಗಿ ಬಳಕೆಯಲ್ಲಿವೆ. ಅವು ಆರು. ಆರಕ್ಕೂ ಸಾಮಾನ್ಯವಾದುದು ಕರ್ತೃವಿನ ಹೆಸರನ್ನು ಹೇಳಬೇಕೆಂಬ ನಿಯಮ. ಅದರ ಮೇಲೆ ಮೂರು ನಿಬಂಧನೆಗಳನ್ನು ಕೂಡಿಸಬಹುದು: ಬಳಕೆಯು ವಾಣಿಜ್ಯೇತರವಾಗಿರಬೇಕು; ರೂಪಾಂತರವನ್ನು ಹಂಚಬಾರದು; ಅಥವಾ, ರೂಪಾಂತರವನ್ನು ಹಂಚುವುದಾದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಕೊನೆಯದನ್ನು ಸಮಾನ ಹಂಚಿಕೆ ಎನ್ನುತ್ತಾರೆ. ಒಮ್ಮೆ ನೀಡಿದ ಪರವಾನಗಿಯನ್ನು, ಅದರ ನಿಯಮಗಳನ್ನು ಪಾಲಿಸುವವರಿಂದ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆಯ್ಕೆಯ ಗಾಂಭೀರ್ಯ ಇರುವುದು ಇಲ್ಲಿಯೇ.

ಸಭೆಯ ವಲಯಗಳಲ್ಲಿ ಈ ಆರರ ಪೈಕಿ ಅತ್ಯಂತ ಬಿಗಿಯಾದುದಕ್ಕೆ, ಅಂದರೆ ವಾಣಿಜ್ಯ ಬಳಕೆಯನ್ನೂ ರೂಪಾಂತರವನ್ನೂ ಒಟ್ಟಿಗೆ ನಿಷೇಧಿಸುವುದಕ್ಕೆ, ಒಲವು ಇರುವುದನ್ನು ನಾವು ಕಂಡಿದ್ದೇವೆ. ಈ ಒಲವಿನ ಹಿಂದಿರುವ ಕಾಳಜಿಯನ್ನು ಹಗುರವಾಗಿ ಕಾಣಲಾಗದು. ಉಪದೇಶವು ಕೆಡಬಾರದು, ಲೇಖಕನು ಹೇಳದ ಮಾತನ್ನು ಅವನ ಬಾಯಿಗೆ ತುರುಕಬಾರದು, ದೇವರ ಕಾರ್ಯದಿಂದ ಯಾರೂ ಲಾಭ ಮಾಡಿಕೊಳ್ಳಬಾರದು ಎಂಬುದು ಅದರ ಸಾರ. ಪುಸ್ತಕಕ್ಕೆ ಏನನ್ನೂ ಕೂಡಿಸಬಾರದು, ಅದರಿಂದ ಏನನ್ನೂ ತೆಗೆಯಬಾರದು ಎಂಬ ಪ್ರಕಟನೆ 22:18–19ರ ಎಚ್ಚರಿಕೆಯನ್ನೂ ಇದರ ಸಮರ್ಥನೆಗೆ ತರಬಹುದು. ಪರವಾನಗಿಯ ಮೊದಲರ್ಧವು ಉಚಿತವಾಗಿ ಕೊಡುವುದರಿಂದ ಮತ್ತಾಯ 10:8ರ ಆಜ್ಞೆಯೂ ನೆರವೇರಿದಂತೆ ತೋರುತ್ತದೆ. ಕೊಟ್ಟಂತೆಯೂ ಆಯಿತು, ಕಾಯ್ದುಕೊಂಡಂತೆಯೂ ಆಯಿತು.

ಆದರೆ ಪರವಾನಗಿಯ ಪಠ್ಯವು ರೂಪಾಂತರವೆಂಬುದಕ್ಕೆ ಕೊಡುವ ಅರ್ಥವಿವರಣೆಯಲ್ಲಿ ಅನುವಾದವೂ ಸೇರಿದೆ. ರೂಪಾಂತರವನ್ನು ತಡೆದವನು ಅನುವಾದದ ಪ್ರಕಟಣೆಯನ್ನೂ ತಡೆದಿದ್ದಾನೆ. ಒಂದೇ ಭಾಷೆಯಲ್ಲಿ ಬದುಕುವ ನಾಡಿನಲ್ಲಿ ಇದು ಸಣ್ಣ ಮಾತಾಗಬಹುದು; ಬೆಳಗಾವಿಯಲ್ಲಿ ಅಲ್ಲ. ಇಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮರಾಠಿ ಬಹುಜನರ ಮನೆಮಾತು. ಗೋವೆಯ ಗಡಿಯತ್ತ ಸಾಗಿದಂತೆ ಕೊಂಕಣಿಯೂ ಜೊತೆಗೂಡುತ್ತದೆ. ಖಾನಾಪುರದ ಒಂದು ಕ್ರೈಸ್ತ ಸಮುದಾಯವನ್ನು ಕುರಿತು ಇಂಗ್ಲಿಷಿನಲ್ಲಿಯೋ ಕನ್ನಡದಲ್ಲಿಯೋ ಬರೆದ ಪ್ರಬಂಧಕ್ಕೆ ಇಂಥ ಪರವಾನಗಿ ಇದ್ದರೆ, ಆ ಸಮುದಾಯದ ಮರಾಠಿ ಅಥವಾ ಕೊಂಕಣಿ ಓದುಗರಿಗೆ ಅದನ್ನು ಅವರ ಮಾತಿಗೆ ತಂದು ಹಂಚಲು ಲೇಖಕನ ಪ್ರತ್ಯೇಕ ಅನುಮತಿ ಬೇಕು. ಜಗತ್ತಿನ ಯಾವ ಮೂಲೆಯಲ್ಲಿರುವ ಪ್ರಾಧ್ಯಾಪಕನೂ ಅದನ್ನು ಹಣ ಕೊಡದೆ ಓದಬಹುದು. ಯಾರನ್ನು ಕುರಿತು ಬರೆದಿದೆಯೋ ಅವರು ಮಾತ್ರ ಕಾಯಬೇಕು.

ಈ ಕಾಯುವಿಕೆ ಎಷ್ಟು ದೀರ್ಘವೆಂಬುದನ್ನು ಲೆಕ್ಕ ಹಾಕಿ ನೋಡೋಣ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಹಕ್ಕು ಲೇಖಕನ ಮರಣಾನಂತರ 60 ವರ್ಷ ಉಳಿಯುತ್ತದೆ. 30ನೆಯ ವಯಸ್ಸಿನಲ್ಲಿ ಬರೆದು 80ರವರೆಗೆ ಬಾಳಿದವನ ಪ್ರಬಂಧವು ಸುಮಾರು 110 ವರ್ಷ ಬಂಧನದಲ್ಲಿರುತ್ತದೆ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಶಾಸನಗಳನ್ನು ಜೆ. ಎಫ್. ಫ್ಲೀಟ್ 1870ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಫ್ಲೀಟ್ 1917ರಲ್ಲಿ ತೀರಿಕೊಂಡರು. ಆ ಲೇಖನಗಳನ್ನು ಇಂದು ಯಾರು ಬೇಕಾದರೂ ಕನ್ನಡಕ್ಕೂ ಮರಾಠಿಗೂ ತರಬಹುದು. ವಸಾಹತು ಆಡಳಿತದ ಅಧಿಕಾರಿಯೊಬ್ಬನ ಬರಹವು ಹಲಸಿಯ ಜನರಿಗೆ ತೆರೆದಿದ್ದು, ನಮ್ಮವರೇ ಆದ ಸಂಶೋಧಕರ ಬರಹವು ಮುಚ್ಚಿರುವುದು ವಿಪರ್ಯಾಸವಲ್ಲವೇ? ಮೇಲಾಗಿ, ಒಂದು ಕೃತಿಗೆ ಏಳು ವರ್ಷಗಳಲ್ಲಿ ಒಂದು ಭಾಷೆಯ ಅನುವಾದ ಪ್ರಕಟವಾಗದಿದ್ದರೆ ಆ ಭಾಷೆಗೆ ಅನುವಾದಿಸುವ ಪರವಾನಗಿಗಾಗಿ ಅರ್ಜಿ ಸಲ್ಲಿಸಲು ನಮ್ಮ ಅಧಿನಿಯಮದ 32ನೆಯ ಕಲಮು ಅವಕಾಶ ಕೊಡುತ್ತದೆ. ದೇಶದ ಕಾನೂನೇ ಅನುವಾದಕನಿಗೆ ಬಾಗಿಲನ್ನು ಅಷ್ಟಾದರೂ ತೆರೆದಿಟ್ಟಿರುವಾಗ, ಮುಕ್ತವೆಂದು ಕರೆದುಕೊಳ್ಳುವ ಪರವಾನಗಿಯು ಅದರತ್ತ ಬೆನ್ನು ಮಾಡಿ ನಿಲ್ಲುವುದು ಉಚಿತವಲ್ಲ.

ವೇದಶಾಸ್ತ್ರದ ದೃಷ್ಟಿಯಿಂದ ನೋಡಿದರೆ ರೂಪಾಂತರ ನಿಷೇಧದ ವಾದವು ಇನ್ನಷ್ಟು ದುರ್ಬಲವಾಗುತ್ತದೆ. ಮೊದಲ ಮೂರು ಸುವಾರ್ತೆಗಳ ಸಂಬಂಧವನ್ನು ಅಭ್ಯಾಸ ಮಾಡಿದವರೆಲ್ಲರಿಗೂ, ಮತ್ತಾಯನೂ ಲೂಕನೂ ಮಾರ್ಕನ ಬರಹವನ್ನು ತೆಗೆದುಕೊಂಡು, ಕ್ರಮವನ್ನು ಬದಲಿಸಿ, ಕೂಡಿಸಿ, ಕಳೆದು, ತಮ್ಮ ತಮ್ಮ ಸಭೆಗಳಿಗಾಗಿ ಹೊಸದಾಗಿ ಬರೆದರೆಂಬ ಬಹುಮಾನ್ಯ ಅಭಿಪ್ರಾಯವು ತಿಳಿದೇ ಇದೆ. ತನಗಿಂತ ಮೊದಲು ಅನೇಕರು ಬರೆದಿದ್ದರೆಂದು ಲೂಕನು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದ್ದಾನೆ. ಮಾರ್ಕನು ರೂಪಾಂತರವನ್ನು ನಿಷೇಧಿಸಿದ್ದರೆ ನಮಗೆ ಪರ್ವತ ಪ್ರಸಂಗವನ್ನೊಳಗೊಂಡ ಸುವಾರ್ತೆಯೂ ಇರುತ್ತಿರಲಿಲ್ಲ, ತಪ್ಪಿಹೋದ ಮಗನ ಸಾಮ್ಯವನ್ನೊಳಗೊಂಡ ಸುವಾರ್ತೆಯೂ ಇರುತ್ತಿರಲಿಲ್ಲ. ಅಪೊಸ್ತಲರ ಕೃತ್ಯಗಳು 2ರಲ್ಲಿ ಸಭೆಯು ಹುಟ್ಟುವುದೇ ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳಿದಾಗ. ಪ್ರಕಟನೆಯ ಎಚ್ಚರಿಕೆಯನ್ನು ನಾವು ಇಂದು ಓದುತ್ತಿರುವುದೂ ಕನ್ನಡದಲ್ಲಿ, ಅನುವಾದದಲ್ಲಿಯೇ. ಅದು ನಿಷ್ಠೆಯನ್ನು ಕೇಳುತ್ತದೆ, ಮೌನವನ್ನು ಕೇಳುವುದಿಲ್ಲ.

ಹಾಗಾದರೆ ಕೆಟ್ಟ ಅನುವಾದದ ಭಯಕ್ಕೆ ಉತ್ತರವೇನು? ಭಾಷೆಯ ವಿಷಯದಲ್ಲಿ ಬೆಳಗಾವಿಯು ನೋವುಂಡ ಊರು. ತಪ್ಪಾಗಿ ಅನುವಾದವಾದ ಒಂದೇ ಶಬ್ದ ಇಲ್ಲಿ ಜಗಳವಾಗಬಲ್ಲದು. ಈ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರೂಪಾಂತರಕ್ಕೆ ಅವಕಾಶ ಕೊಡುವ ಪರವಾನಗಿಗಳೂ ಲೇಖಕನನ್ನು ಕೈಬಿಟ್ಟಿಲ್ಲ. ಬದಲಾವಣೆ ಮಾಡಿದವನು ಅದನ್ನು ತಿಳಿಸಲೇಬೇಕು. ಮೂಲ ಲೇಖಕನು ತನ್ನ ರೂಪಾಂತರವನ್ನು ಅನುಮೋದಿಸಿದ್ದಾನೆಂಬ ಭಾವನೆ ಬರುವಂತೆ ನಡೆದುಕೊಳ್ಳಬಾರದು. ಲೇಖಕನು ಕೇಳಿಕೊಂಡರೆ, ಸಾಧ್ಯವಾದಷ್ಟು ಮಟ್ಟಿಗೆ, ಅವನ ಹೆಸರನ್ನು ಅದರಿಂದ ತೆಗೆಯಬೇಕು. ಲೇಖಕನ ಗೌರವಕ್ಕೆ ಕುಂದು ತರುವ ವಿಕೃತಿಯ ವಿರುದ್ಧ ನಮ್ಮ ಅಧಿನಿಯಮದ 57ನೆಯ ಕಲಮು ವಿಶೇಷ ಹಕ್ಕನ್ನು ಕೊಟ್ಟಿದೆ. ಪರವಾನಗಿಯು ಅಂಥ ಹಕ್ಕನ್ನು ಸಡಿಲಿಸುವುದು ತಾನು ಕೊಟ್ಟ ಬಳಕೆಗಳಿಗೆ ಅಗತ್ಯವಾದಷ್ಟು ಮಾತ್ರ. ಇಷ್ಟಾದ ಮೇಲೂ ಕೆಟ್ಟ ಅನುವಾದ ಬಂದರೆ ಅದಕ್ಕೆ ಔಷಧ ಒಳ್ಳೆಯ ಅನುವಾದ. ಅದನ್ನು ಮಾಡಲು ಯಾರ ಅಪ್ಪಣೆಯೂ ಬೇಡವಾಗಿರಬೇಕು.

ವಾಣಿಜ್ಯ ನಿಷೇಧದ ಮಾತು ಇದಕ್ಕಿಂತ ಸೂಕ್ಷ್ಮ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳ ತರುವಾಯ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳು ‘ಶೋಧಗಂಗಾ’ ಭಂಡಾರವನ್ನು ಸೇರುತ್ತಿವೆ. ಅಲ್ಲಿನ ಪರವಾನಗಿಯು ವಾಣಿಜ್ಯೇತರ ಮತ್ತು ಸಮಾನ ಹಂಚಿಕೆಯದು. ಅನುವಾದಕ್ಕೆ ಅವಕಾಶವಿದೆ ಎಂಬುದು ಅದರ ಹಿರಿಮೆ. ಆದರೆ ವಾಣಿಜ್ಯವೆಂದರೆ ಏನು? ಲಾಭ ಅಥವಾ ಹಣದ ಪ್ರತಿಫಲವನ್ನು ಮುಖ್ಯ ಗುರಿಯಾಗಿ ಉಳ್ಳದ್ದು ಎಂದು ಪರವಾನಗಿ ಹೇಳುತ್ತದೆ. ಒಂದು ಸಭೆಯು ಪ್ರಬಂಧದ ಎರಡು ಅಧ್ಯಾಯಗಳನ್ನು ಮರಾಠಿಗೆ ತಂದು, ಅಚ್ಚಿನ ಖರ್ಚು ಹುಟ್ಟಲೆಂದು ಪ್ರತಿಗೆ 40 ರೂಪಾಯಿ ಇಟ್ಟರೆ ಅದು ವಾಣಿಜ್ಯವೇ? ಅಲ್ಲವೆಂದು ವಾದಿಸಬಹುದು. ಆದರೆ ಹಳ್ಳಿಯ ಪಾಳಕನು ವಕೀಲನನ್ನು ಕೇಳಿ ಪುಸ್ತಿಕೆ ಅಚ್ಚು ಮಾಡಿಸುವುದಿಲ್ಲ. ಸಂಶಯ ಬಂದರೆ ಬಿಟ್ಟುಬಿಡುತ್ತಾನೆ. ಸಂಶಯವೂ ಒಂದು ಬೇಲಿ. ಕನ್ನಡ ವಿಕಿಪೀಡಿಯಕ್ಕೆ ವಾಣಿಜ್ಯೇತರ ಪಠ್ಯವನ್ನು ಸೇರಿಸಲು ಬರುವುದಿಲ್ಲವೆಂಬುದೂ ಗಮನಾರ್ಹ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ನೀಡಲು ಮುಂದಾದಾಗ ಸಮಾನ ಹಂಚಿಕೆಯನ್ನು ಆರಿಸಿ, ವಾಣಿಜ್ಯ ನಿಷೇಧವನ್ನು ಬಿಟ್ಟುದು ವಿವೇಕದ ನಡೆಯೆಂದು ನಮಗೆ ತೋರುತ್ತದೆ.

ಇನ್ನು ಕರ್ತೃನಿರ್ದೇಶವೊಂದನ್ನೇ ಕೇಳುವ ಪರವಾನಗಿಯನ್ನು ಪಾಶ್ಚಾತ್ಯ ಸಂಶೋಧನಾ ಲೋಕವು ಎತ್ತಿಹಿಡಿಯುತ್ತದೆ. 2002ರ ಬುಡಾಪೆಸ್ಟ್ ಘೋಷಣೆಯ ಹತ್ತು ವರ್ಷಗಳ ಬಳಿಕ ಹೊರಟ ಶಿಫಾರಸುಗಳೂ, 2018ರಲ್ಲಿ ಯುರೋಪಿನ ಅನುದಾನ ಸಂಸ್ಥೆಗಳು ರೂಪಿಸಿದ ‘ಪ್ಲ್ಯಾನ್ ಎಸ್’ ಯೋಜನೆಯೂ ಅದನ್ನೇ ಮುಂದಿಟ್ಟಿವೆ. ವಿಜ್ಞಾನದ ದತ್ತಾಂಶಗಳಿಗೆ ಅದು ಒಪ್ಪುವಂಥದು. ಆದರೆ ಅದರಡಿಯಲ್ಲಿ ಒಬ್ಬ ಪ್ರಕಾಶಕನು ನಮ್ಮ ಲೇಖನವನ್ನು ಮರಾಠಿಗೆ ತಂದು, ಆ ಅನುವಾದದ ಎಲ್ಲ ಹಕ್ಕುಗಳನ್ನೂ ತಾನೇ ಇಟ್ಟುಕೊಳ್ಳಬಹುದು. ಮೂಲವು ತೆರೆದಿರುತ್ತದೆ, ಓದುಗರಿಗೆ ಬೇಕಾದುದು ಮುಚ್ಚಿರುತ್ತದೆ. ಸಮಾನ ಹಂಚಿಕೆಯು ಇದನ್ನು ತಪ್ಪಿಸುತ್ತದೆ: ಮಾರಲು ಅಡ್ಡಿಯಿಲ್ಲ, ಮುಚ್ಚಲು ಅವಕಾಶವಿಲ್ಲ. ‘ಇಂಡಿಯನ್ ರಿವೈಸ್ಡ್ ವರ್ಷನ್’ ಎಂಬ ಕನ್ನಡ ಸತ್ಯವೇದದ ಪಠ್ಯವು ಇದೇ ಪರವಾನಗಿಯಲ್ಲಿ ಹೊರಬಂದಿದೆ. ಅದನ್ನು ಪ್ರತಿ ಮಾಡಲು, ಅಚ್ಚು ಮಾಡಲು, ಆಡುಮಾತಿಗೆ ಹತ್ತಿರವಾಗಿ ಪರಿಷ್ಕರಿಸಲು ಯಾರೂ ಅಪ್ಪಣೆ ಕೇಳಬೇಕಾಗಿಲ್ಲ. ಪರಿಷ್ಕರಿಸಿದವನು ತನ್ನ ಕೆಲಸವನ್ನೂ ಅದೇ ರೀತಿ ಬಿಟ್ಟುಕೊಡಬೇಕು. ಸತ್ಯವೇದವನ್ನೇ ಹೀಗೆ ಕೊಡಲು ಧೈರ್ಯ ಮಾಡಿದವರಿರುವಾಗ, ಅದರ ವ್ಯಾಖ್ಯಾನಕ್ಕೆ ನಾವು ಹೆಚ್ಚಿನ ಬೀಗ ಹಾಕುವುದು ಸಲ್ಲದು.

ಇಷ್ಟು ಹೇಳಿದ ಮೇಲೆ ನಮ್ಮದೇ ವಾದಕ್ಕೆ ಒಂದು ಮಿತಿಯನ್ನು ಹಾಕಬೇಕಾಗಿದೆ. ಹೊಲದ ಮೂಲೆಗಳನ್ನು ಕೊಯ್ಯದೆ ಬಡವರಿಗೂ ಪರದೇಶಿಗೂ ಬಿಡಬೇಕೆಂದು ಯಾಜಕಕಾಂಡ 19:9–10 ವಿಧಿಸುತ್ತದೆ. ಮುಕ್ತ ಪರವಾನಗಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸತ್ಯವೇದದಲ್ಲಿ ನಮಗೆ ಕಾಣದು. ಆದರೆ ಆ ವಿಧಿಯು ಮಾತಾಡುವುದು ಒಡೆಯನ ಸ್ವಂತ ಹೊಲದ ಬಗ್ಗೆ. ನೆರೆಯವನ ಹೊಲವನ್ನು ದಾನ ಮಾಡುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ. ಸಂಶೋಧಕನು ಖಾನಾಪುರದ ಕಾಡಂಚಿನ ಒಂದು ಹಳ್ಳಿಯಲ್ಲಿ ಕುಳಿತು ವೃದ್ಧೆಯೊಬ್ಬಳ ನಂಬಿಕೆಯ ಕಥನವನ್ನು ಧ್ವನಿಮುದ್ರಿಸಿಕೊಂಡರೆ, ಸಭೆಯ ದೀಕ್ಷಾಸ್ನಾನದ ದಾಖಲೆ ಪುಸ್ತಕದ ಪುಟಗಳನ್ನು ಛಾಯಾಚಿತ್ರ ತೆಗೆದರೆ, ಅವುಗಳನ್ನು ಕುರಿತು ಬರೆದ ವಾಕ್ಯಗಳು ಅವನವು. ಆ ಮಾತು, ಆ ಹೆಸರುಗಳು ಅವನವಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯೂ ಇತರರ ಖಾಸಗಿತನದ ಹಕ್ಕನ್ನು ತಾನು ಕೊಡುವುದಿಲ್ಲವೆಂದು ಹೇಳಿಕೊಂಡಿದೆ. ಜಾತಿಯ ಹೆಸರು, ಮತಾಂತರದ ವರ್ಷ, ಕುಟುಂಬದ ಕಲಹ ಇವು ಒಮ್ಮೆ ಹೊರಬಿದ್ದರೆ ಹಿಂದಕ್ಕೆ ಬಾರವು. ಹಿಂದಕ್ಕೆ ಪಡೆಯಲಾಗದ ಪರವಾನಗಿಯನ್ನು ಇಂಥ ಸಾಮಗ್ರಿಗೆ ಹಾಕುವ ಮೊದಲು ಅವರನ್ನು ಅವರ ಭಾಷೆಯಲ್ಲಿ ಕೇಳಬೇಕು, ಬೇಡವೆಂದರೆ ಬಿಡಬೇಕು.

ಆದುದರಿಂದ ನಮ್ಮ ನಿಲುವು ಹೀಗಿದೆ. ಲೇಖಕನ ಸ್ವಂತ ಬರಹಕ್ಕೆ ಕರ್ತೃನಿರ್ದೇಶ ಮತ್ತು ಸಮಾನ ಹಂಚಿಕೆಯ ನಾಲ್ಕನೆಯ ಆವೃತ್ತಿಯ ಪರವಾನಗಿ ಸಾಕು, ಅದೇ ಯುಕ್ತ. ಇತರರ ಮಾತು, ಚಿತ್ರ, ದಾಖಲೆಗಳಿಗೆ ಆ ಪರವಾನಗಿ ಅನ್ವಯಿಸದೆಂದು ಮೊದಲ ಪುಟದಲ್ಲಿಯೇ ಒಂದು ವಾಕ್ಯದಲ್ಲಿ ಹೇಳಬೇಕು. ಪ್ರಕಾಶಕನಿಗೆ ಹಕ್ಕುಗಳನ್ನು ವರ್ಗಾಯಿಸುವ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ತೀರ್ಮಾನವಾಗಬೇಕು. ಸಹಿಯ ನಂತರ ಕೊಡಲು ಲೇಖಕನ ಬಳಿ ಏನೂ ಉಳಿದಿರುವುದಿಲ್ಲ. ಈ ಪತ್ರಿಕೆಯೂ ಈ ವಿಮರ್ಶೆಗೆ ಹೊರತಲ್ಲ. ಬೆಳಗಾವಿಯ ಚರಿತ್ರೆಯು ಲಂಡನ್ನಿನ ಕಪಾಟಿನಿಂದ ಇಂಗ್ಲಿಷ್ ಪ್ರಬಂಧಕ್ಕೆ ಬರಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿದಿದೆ. ಆ ಪ್ರಬಂಧದಿಂದ ಖಾನಾಪುರದ ಸಭೆಯ ಬೆಂಚಿನವರೆಗೆ ಬರಲು ಇನ್ನೊಂದು ಶತಮಾನ ಹಿಡಿಯುವುದಾದರೆ, ಆ ವಿಳಂಬಕ್ಕೆ ಉತ್ತರ ಹೇಳಬೇಕಾದವರು ಮಿಷನರಿಗಳಲ್ಲ, ನಾವು.