ವಿಲಾಪವಿಲ್ಲದ ಶೋಕ

ಕರುಣರಸವೆಂದೊಡನೆ ಕನ್ನಡ ವಾಚಕನ ಕಿವಿಗೆ ಮೊದಲು ಕೇಳಿಬರುವುದು ರಾಘವಾಂಕನ ಚಂದ್ರಮತಿಯ ಅಳಲು. ಹಾವು ಕಚ್ಚಿ ಮಡಿದ ಲೋಹಿತಾಶ್ವನನ್ನು ಇರುಳಿನಲ್ಲಿ ಅರಸಿ ಕಂಡು ಆ ತಾಯಿ ಗೋಳಿಡುವ ಭಾಗವನ್ನು ಎಷ್ಟನೆಯ ಸಲ ಓದಿದರೂ ಕಂಠವು ಗದ್ಗದವಾಗದಿರದು. ಎಳೆಯರ ಸಾವನ್ನು ಹೇಳುವ ಕೃತಿಯಲ್ಲಿ ಇಂಥ ವಿಲಾಪವೊಂದು ಇರಲೇಬೇಕೆಂಬುದು ನಮ್ಮ ರೂಢಿಯ ನಿರೀಕ್ಷೆ. ಅಮೆರಿಕದ ಪತ್ರಿಕೋದ್ಯೋಗಿ ಜಾನ್ ಗುಂಥರನು 1949ರಲ್ಲಿ ಪ್ರಕಟಿಸಿದ ‘ಡೆತ್ ಬಿ ನಾಟ್ ಪ್ರೌಡ್’ ಎಂಬ ಗದ್ಯಗ್ರಂಥವು ಈ ನಿರೀಕ್ಷೆಯನ್ನು ಸಲ್ಲಿಸುವುದಿಲ್ಲ. ಮಗನನ್ನು ಕಳೆದುಕೊಂಡ ತಂದೆ ಬರೆದ ಪುಸ್ತಕವಿದು. ಆದರೆ ಇದರಲ್ಲಿ ವಿಲಾಪವೆಂಬುದು ಇಲ್ಲವೆಂದೇ ಹೇಳಬೇಕು. ಹೀಗಿದ್ದೂ ಇದು ಕರುಣಕ್ಕೆ ಹೇಗೆ ಎಡೆಯಾಯಿತು, ಆ ಮನೆಯವರು ಆ ಸಾವಿನಿಂದ ನಿಜವಾಗಿ ಏನನ್ನು ಕಲಿತರು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ.

ಗುಂಥರನ ಹೆಸರು ನಮ್ಮ ದೇಶಕ್ಕೆ ತೀರ ಹೊರಗಿನದಲ್ಲ. ‘ಇನ್‌ಸೈಡ್ ಏಷ್ಯಾ’ (1939) ಎಂಬ ಗ್ರಂಥದಲ್ಲಿ ಗಾಂಧೀಜಿಯವರನ್ನೂ ನೆಹರೂ ಅವರನ್ನೂ ಚಿತ್ರಿಸಿದವನು ಈತನೇ. ಈತನ ಪತ್ನಿಯಾಗಿದ್ದ ಫ್ರಾನ್ಸಿಸ್ ನೆಹರೂ ಅವರೊಡನೆ ಸ್ನೇಹದಿಂದ ಪತ್ರವ್ಯವಹಾರ ನಡೆಸಿದಾಕೆ; ನಮ್ಮ ಸ್ವಾತಂತ್ರ್ಯದ ಪರವಾಗಿ 1944ರಲ್ಲಿ ಒಂದು ಪುಸ್ತಕವನ್ನೂ ಬರೆದಳು. ಅದೇ ವರ್ಷ ದಂಪತಿಗಳ ವಿವಾಹ ವಿಚ್ಛೇದವಾಯಿತು. ಮೊದಲ ಹೆಣ್ಣುಕೂಸು ಶೈಶವದಲ್ಲಿಯೇ ತೀರಿಕೊಂಡಿತ್ತು. ಉಳಿದವನು 1929ರಲ್ಲಿ ಹುಟ್ಟಿದ ಜಾನಿ ಒಬ್ಬನೇ.

1946ರ ಏಪ್ರಿಲ್‌ನಲ್ಲಿ ಡೀರ್‌ಫೀಲ್ಡಿನ ಶಾಲೆಯಲ್ಲಿದ್ದ ಹುಡುಗನಿಗೆ ಕತ್ತು ಸೆಟೆದುಕೊಂಡಿತು. ಪರೀಕ್ಷಿಸಿದಾಗ ಮಿದುಳಿನಲ್ಲಿ ಗೆಡ್ಡೆ. ಕಿತ್ತಳೆಹಣ್ಣಿನ ಗಾತ್ರದ ಅದರಲ್ಲಿ ಅರ್ಧವನ್ನು ಮಾತ್ರ ನ್ಯೂಯಾರ್ಕಿನ ಶಸ್ತ್ರವೈದ್ಯರು ತೆಗೆಯಬಲ್ಲವರಾದರು. ಮುಂದಿನದು ಹದಿನೈದು ತಿಂಗಳ ಕಥೆ. 1947ರ ಜೂನ್ 30ರಂದು, ಹದಿನೇಳನೆಯ ವಯಸ್ಸಿನಲ್ಲಿ, ಜಾನಿ ತೀರಿಕೊಂಡನು.

ಈ ಅಂತ್ಯವನ್ನು ಗ್ರಂಥಕರ್ತನು ಮೊದಲಲ್ಲಿಯೇ ಹೇಳಿಬಿಡುತ್ತಾನೆ. ಬಳಿಕ ವರದಿಗಾರನಾಗಿ ದಿನಗಳನ್ನು ದಾಖಲಿಸುತ್ತ ಹೋಗುತ್ತಾನೆ: ಯಾವ ದಿನ ಯಾವ ವೈದ್ಯನು ಬಂದನು, ತಲೆಯ ಮೇಲಿನ ಬಾವು ಎಷ್ಟು ಮೆತ್ತಗಾಯಿತು, ಕಣ್ಣು ಎಷ್ಟು ಕಂಡಿತು. ಒಂದು ದಿನ ಸ್ವಲ್ಪ ಸುಧಾರಿಸಿದಂತೆ ತೋರಿದರೆ ಅಂದಿನ ಆಸೆಯನ್ನು ಆಸೆಯಾಗಿಯೇ ಬರೆಯುತ್ತಾನೆ. ಮುಂದೆ ತಿಳಿದುಬಂದ ನಿರಾಸೆಯ ಬಣ್ಣವನ್ನು ಅದಕ್ಕೆ ಹಚ್ಚುವುದಿಲ್ಲ. ನಮಗೆ ಕೊನೆ ತಿಳಿದಿದೆ, ಆ ಪುಟದಲ್ಲಿರುವ ತಂದೆಗೆ ತಿಳಿದಿಲ್ಲ. ಕರುಣವು ಒಸರುವುದು ಈ ಎರಡರ ನಡುವಣ ಬಿರುಕಿನಿಂದ. ನಮ್ಮ ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ವಿಭಾವವನ್ನು ಕೊಟ್ಟು ಅನುಭಾವವನ್ನು ಸಹೃದಯನ ಪಾಲಿಗೆ ಬಿಟ್ಟಿದ್ದಾನೆ.

ತನ್ನದು ಮಿದುಳಿನ ಗೆಡ್ಡೆಯೆಂದು ವೈದ್ಯನಿಂದ ತಿಳಿದಾಗ ಹುಡುಗನಿಗೆ ಬಂದ ಚಿಂತೆ, ಇದನ್ನು ತಾಯಿತಂದೆಗಳಿಗೆ ಹೇಗೆ ತಿಳಿಸುವುದೆಂಬುದು! ಅವನಿಗೆ ತಿಳಿಯದಿರಲೆಂದು ಅವರು ಅಷ್ಟು ದಿನ ಮುಖಗಳನ್ನು ಕಾಯ್ದುಕೊಂಡು ಬಂದಿದ್ದರು. ನಮ್ಮ ಮನೆಗಳಲ್ಲಿಯೂ ರೋಗಿಯ ಎದುರಿಗೆ ರೋಗದ ಹೆಸರನ್ನೆತ್ತುವುದಿಲ್ಲ. ಕೋಣೆಯ ಹೊರಗೆ ಪಿಸುಮಾತು, ಒಳಗೆ ನಗುಮುಖ. ಆ ನಗುವಿನ ಅರ್ಥವನ್ನು ಅರಿತೂ ಅರಿಯದಂತೆ ಮಲಗಿರುವ ಎಳೆಯರು ಎಷ್ಟು ಮಂದಿಯೋ. ಈ ಪ್ರಸಂಗವನ್ನು ಗುಂಥರನು ಕೆಲವೇ ವಾಕ್ಯಗಳಲ್ಲಿ ಮುಗಿಸಿದ್ದಾನೆ. ಅದು ಅವನ ಸಂಯಮ.

ದೋಷಗಳಿಲ್ಲವೆಂದಲ್ಲ. ವೈದ್ಯರ ಹೆಸರುಗಳ ಸಂದಣಿಯಲ್ಲಿ ಹುಡುಗನ ಮುಖ ಆಗಾಗ ಮರೆಯಾಗುತ್ತದೆ. ಪುತ್ರಪ್ರಶಂಸೆ ಒಮ್ಮೊಮ್ಮೆ ಮಿತಿಮೀರುತ್ತದೆ. ಅದನ್ನು ಕ್ಷಮಿಸದ ಓದುಗನು ಇರಲಾರನು. ಡಾಕ್ಟರ್ ಗೆರ್ಸನ್ನನ ಉಪ್ಪಿಲ್ಲದ ಪಥ್ಯದ ವಿಷಯವನ್ನು ತಂದೆ ಬಹಳ ಆದರದಿಂದ ಬರೆದಿದ್ದಾನೆ. ಆ ಪಥ್ಯದಿಂದ ಕ್ಯಾನ್ಸರ್ ಗುಣವಾಗುವುದೆಂಬುದಕ್ಕೆ ಇಂದಿಗೂ ಆಧಾರ ದೊರೆತಿಲ್ಲವಾದುದರಿಂದ, ಆ ಭಾಗವನ್ನು ಮುಳುಗುವವನ ಆಸೆಯ ಚಿತ್ರವೆಂದು ಓದಬೇಕೇ ಹೊರತು ವೈದ್ಯವೆಂದಲ್ಲ.

ಇನ್ನು ಕಲಿತ ಪಾಠದ ಮಾತು. ತಂದೆಯ ಮಟ್ಟಿಗೆ ಅದು ಮಗನ ಧೈರ್ಯ. ತಲೆಗೆ ಪಟ್ಟಿ ಸುತ್ತಿಕೊಂಡು, ಸಹಪಾಠಿಗಳ ಸಾಲಿನಲ್ಲಿ ಮೆಲ್ಲನೆ ನಡೆದು ಜಾನಿ ಶಾಲೆಯ ಪ್ರಶಸ್ತಿಪತ್ರವನ್ನು ಪಡೆದುದು ಸಾವಿಗೆ ಕೆಲವು ವಾರಗಳ ಮುಂಚೆ. ಈ ಸನ್ನಿವೇಶ ಅಮೋಘವಾಗಿದೆ. ಆದರೆ ಸತ್ತವನ ಗುಣವನ್ನು ಕೊಂಡಾಡುವುದು ಬದುಕಿದವರು ಕಲಿತ ಪಾಠವಾಗದು. ಆ ಕೆಲಸವನ್ನು ಮಾಡಿರುವುದು ಪುಸ್ತಕದ ಕೊನೆಯಲ್ಲಿ ತಾಯಿ ಬರೆದ ಕೆಲವು ಪುಟಗಳು. ಮಗುವನ್ನು ಕಳುಹಿಸಿ ತಾನು ಉಳಿದಿರುವುದೇ ಒಂದು ಅಪರಾಧವೆಂಬಂತೆ ಆಕೆಗೆ ತೋರುತ್ತದೆ. ಅವನಿದ್ದಾಗ ಇನ್ನೂ ಹೆಚ್ಚಾಗಿ ಪ್ರೀತಿಸಬೇಕಾಗಿತ್ತೆಂದು ಹಂಬಲಿಸುತ್ತಾಳೆ. ಒಡೆದ ಮನೆಯ ವಿಷಯವನ್ನು ತಂದೆ ಹಗುರವಾಗಿ ದಾಟಿದ್ದಾನೆ, ತಾಯಿಗೆ ದಾಟಲಾಗಿಲ್ಲ. ಸಾವನ್ನು ಹೇಗೆ ಸಹಿಸಬೇಕೆಂಬುದಕ್ಕಿಂತ ಅದಕ್ಕೆ ಮೊದಲು ಹೇಗೆ ಬಾಳಿದೆವೆಂಬ ಲೆಕ್ಕವೇ ಆಕೆಗೆ ಕಠಿನವಾಗಿದೆ.

ಹಿಂದಿಯ ಕವಿ ನಿರಾಲಾ ಅವರ ‘ಸರೋಜ್ ಸ್ಮೃತಿ’ ಇಲ್ಲಿ ನೆನಪಿಗೆ ಬರುತ್ತದೆ. ಹದಿನೆಂಟು ದಾಟಿದ ಮಗಳು 1935ರಲ್ಲಿ ತೀರಿಕೊಂಡಾಗ, ತಂದೆಯಾಗಿ ತಾನು ಅವಳಿಗೆ ಏನನ್ನೂ ಮಾಡಲಾಗಲಿಲ್ಲವೆಂದು ಆ ಬಡಕವಿ ತನ್ನನ್ನೇ ಹಳಿದುಕೊಂಡನು. ಗುಂಥರನ ಮನೆಗೆ ಹಣದ ಕೊರತೆಯಿರಲಿಲ್ಲ, ಹೆಸರಾಂತ ವೈದ್ಯರು ಮನೆಬಾಗಿಲಿಗೆ ಬಂದರು. ಹಾಗಿದ್ದೂ ಆ ತಾಯಿಯ ಪಶ್ಚಾತ್ತಾಪವು ಈ ತಂದೆಯದಕ್ಕಿಂತ ಕಡಿಮೆಯದಾಗಿ ಕಾಣುವುದಿಲ್ಲ.

ಇದನ್ನು ಕನ್ನಡಿಸಲು ಕೈಹಾಕುವವರಿಗೆ ಒಂದು ಬಿನ್ನಹ. ವೈದ್ಯರ ಹೆಸರುಗಳಲ್ಲಿ ಕೆಲವನ್ನು ಬಿಟ್ಟರೂ ನಷ್ಟವಿಲ್ಲ. ಮೂಲದಲ್ಲಿಲ್ಲದ ಕಣ್ಣೀರನ್ನು ಮಾತ್ರ ಸೇರಿಸಬಾರದು. ಜಾನಿಯ ಪತ್ರಗಳನ್ನೂ ದಿನಚರಿಯ ತುಣುಕುಗಳನ್ನೂ, ಅವು ಎಷ್ಟು ಸಾಮಾನ್ಯವಾಗಿ ಕಂಡರೂ, ಇದ್ದಂತೆಯೇ ಇಡಬೇಕು.