ತೋಟವೂ ಉದ್ಯಾನವೂ: ಕಾಫಿಯ ಮಲೆಗಳಲ್ಲಿ ಭೂದೃಶ್ಯರಚನೆ

ಕನ್ನಡ ಕಾವ್ಯಪರಂಪರೆಯಲ್ಲಿ ಉದ್ಯಾನಕ್ಕೆ ನಿಯತವಾದ ಒಂದು ಸ್ಥಾನವುಂಟು. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಅದೂ ಒಂದು. ನಾಯಕನ ವಿಹಾರಕ್ಕೂ ವಿರಹಕ್ಕೂ ಅದೇ ನೆಲೆ. ಅಲ್ಲಿ ಮಾವು ಚಿಗುರುವುದು, ಕೋಗಿಲೆ ಕೂಗುವುದು. ಗುದ್ದಲಿ ಹಿಡಿದವನು ಕಾಣಿಸಿಕೊಳ್ಳುವುದು ಮಾತ್ರ ಅಪೂರ್ವ. ತೋಟವೆಂಬ ಮಾತಿನ ವ್ಯಾಪ್ತಿಯೇ ಬೇರೆ. ಮನೆಯ ಮುಂದಣ ಹೂವಿನ ಮಡಿಯೂ ತೋಟ, ಕಣಿವೆಯ ಅಡಕೆಯ ಸಾಲೂ ತೋಟ, ನೂರಾರು ಎಕರೆಯ ಕಾಫಿಯ ಬೆಟ್ಟವೂ ತೋಟ. ಕಣ್ಣಿನ ಸುಖವನ್ನೂ ದುಡಿಮೆಯ ಫಲವನ್ನೂ ಈ ಮಾತು ಬೇರ್ಪಡಿಸಿಲ್ಲ. ಭೂದೃಶ್ಯರಚನೆಯೆಂಬ ಹೆಸರಿನಿಂದ ಈಗ ಪ್ರಸಿದ್ಧವಾಗಿರುವ ಕಲೆಯನ್ನು ವಿಮರ್ಶಿಸುವಾಗ ಇವೆರಡರಲ್ಲಿ ಯಾವುದನ್ನು ಅಳತೆಗೋಲಾಗಿ ಹಿಡಿಯಬೇಕೆಂಬುದೇ ಪ್ರಕೃತ ಪ್ರಶ್ನೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಹೊರನಾಡುಗಳ ಮಲೆಗಳಲ್ಲಿ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಅಲ್ಲಿನ ಮರ ನೀರುಗಳ ಅಳಿವು ಉಳಿವು ಇದರಲ್ಲಿ ಅಡಗಿದೆ.

ಕರ್ಣಾಟಕದಲ್ಲಿ ಈ ಕಲೆಯ ಆಧುನಿಕ ಚರಿತ್ರೆಯನ್ನು ಗುಸ್ತಾವ್ ಹೆರ್ಮಾನ್ ಕ್ರುಂಬಿಗೆಲ್ಲರಿಂದ (೧೮೬೫–೧೯೫೬) ಆರಂಭಿಸುವುದು ವಾಡಿಕೆ. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಕೆಲಸಮಾಡಿ, ಬರೋಡೆಯ ಸಂಸ್ಥಾನದಲ್ಲಿದ್ದು, ೧೯೦೮ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದ ಈ ಮಹನೀಯರ ಕೃತಿಗಳಲ್ಲಿ ಎರಡು ಬಗೆಯನ್ನು ಗುರುತಿಸಬಹುದು. ಕೃಷ್ಣರಾಜಸಾಗರದ ಕಟ್ಟೆಯ ಕೆಳಗಣ ಬೃಂದಾವನವು ಒಂದು ಬಗೆ. ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ನೇರವಾದ ಕಾಲುವೆ, ಇಕ್ಕೆಲದಲ್ಲಿ ಕಾರಂಜಿ: ಇದು ನಿಂತು ನೋಡತಕ್ಕ ಶೋಭೆ, ಸಂಜೆಯ ದೀಪದಲ್ಲಿ ಇದರ ಪೂರ್ಣಸ್ವರೂಪ. ಬೆಂಗಳೂರಿನ ಬೀದಿಯ ಸಾಲುಮರಗಳು ಎರಡನೆಯ ಬಗೆ. ಒಂದು ಬೀದಿಯ ಹೂ ಉದುರುವ ವೇಳೆಗೆ ಇನ್ನೊಂದು ಬೀದಿ ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದಾಗ ಅವರು ಕಾಲವನ್ನೇ ರಚನೆಯ ದ್ರವ್ಯವನ್ನಾಗಿ ಮಾಡಿಕೊಂಡರು. ಬೃಂದಾವನವು ಪ್ರೇಕ್ಷಕನನ್ನು ಬಯಸುವುದು. ಸಾಲುಮರವು ಕೆಲಸಕ್ಕೆ ಹೋಗುವವನ ತಲೆಯ ಮೇಲೆ ತಾನಾಗಿ ಅರಳುವುದು. ಖ್ಯಾತಿಯಲ್ಲಿ ಮೊದಲನೆಯದು ಮೇಲಾದರೂ ಕಲೆಯ ದೃಷ್ಟಿಯಿಂದ ಎರಡನೆಯದೇ ಹಿರಿದೆನ್ನಬೇಕು.

ಮಲೆಗಳ ಮೇಲೆಯೂ ಉದ್ಯಾನವಿಲ್ಲದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತ ಕೆಮ್ಮಣ್ಣುಗುಂಡಿಯ ಗಿರಿಧಾಮದಲ್ಲಿ ಹೂವಿನ ಮಡಿಗಳಾಚೆಗೆ ಬಾಬಾಬುಡನ್ ಸಾಲಿನ ಹುಲ್ಲುಬೋಳುಗಳೂ ಕಣಿವೆಯ ಕಾಡೂ ಕಾಣುವುವು. ಆ ಚೆಲುವಿಗೆ ಕುಂದು ಹೇಳುವವರಿಲ್ಲ. ಆದರೆ ೧೯೨೩ರಲ್ಲಿ ಆರಂಭವಾದ ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋದದ್ದೂ ಇದೇ ಬೆಟ್ಟದಿಂದ. ಊರಿನ ಹೆಸರು ಮಣ್ಣಿನ ಬಣ್ಣವನ್ನೂ ಗುಂಡಿಯನ್ನೂ ಒಟ್ಟಿಗೆ ನೆನಪಿನಲ್ಲಿಟ್ಟಿದೆ. ಉದ್ಯಾನವು ಅವೆರಡನ್ನೂ ಹೂವಿನಿಂದ ಮುಚ್ಚಿದೆ.

ಇನ್ನು ಕಾಫಿಯ ತೋಟ. ಇದಕ್ಕೆ ಕರ್ತೃವಿನ ಅಂಕಿತವಿಲ್ಲದಿದ್ದರೂ ರಚನೆಯಿಲ್ಲವೆನ್ನಲಾಗದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯೂರೋಪಿನ ಪ್ಲಾಂಟರುಗಳು ಹಲವೆಡೆ ಕಾಡನ್ನು ಬೋಳಿಸಿ ಬಯಲಿನಲ್ಲಿ ಗಿಡ ನೆಟ್ಟರು. ೧೮೬೦ರ ದಶಕದಲ್ಲಿ ಕಾಂಡಕೊರಕ ಹುಳುವು ಆ ತೋಟಗಳನ್ನು ಹಾಳುಗೆಡವಿತು. ಈ ಹಾವಳಿಯನ್ನು ವಿಚಾರಿಸಿ ಜಾರ್ಜ್ ಬಿಡೀ ಎಂಬವರು ೧೮೬೯ರಲ್ಲಿ ವರದಿಯನ್ನು ಪ್ರಕಟಿಸಿ ನೆರಳಿನ ಅವಶ್ಯಕತೆಯನ್ನು ತೋರಿಸಿದರು. ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ಟರು ೧೮೯೪ರ ತಮ್ಮ ಗ್ರಂಥದಲ್ಲಿ ನೆರಳಿನ ಮರಗಳನ್ನು ವಿಸ್ತಾರವಾಗಿ ವಿವೇಚಿಸಿದರು. ಹೀಗೆ ನಷ್ಟದಿಂದ ಕಲಿತ ಪಾಠವೇ ಇಂದಿನ ತೋಟದ ವ್ಯಾಕರಣವಾಯಿತು: ಮೇಲೆ ಅತ್ತಿ, ಬಸರಿ, ಗೋಣಿ, ಹಲಸು, ನಂದಿ, ಬೀಟೆಗಳ ಎತ್ತರದ ಚಪ್ಪರ, ಅದರ ಕೆಳಗೆ ಹಾಲುವಾಣ, ಅದರ ಕೆಳಗೆ ಕಾಫಿ, ಬೊಡ್ಡೆಗಳನ್ನು ತಬ್ಬಿದ ಮೆಣಸಿನ ಬಳ್ಳಿ, ನೆಲದ ಮೇಲೆ ತರಗೆಲೆ.

ಈ ವ್ಯಾಕರಣದಲ್ಲಿ ಕ್ರಿಯಾಪದವೆಂದರೆ ಮರಗಸಿ. ಮಳೆಗಾಲಕ್ಕೆ ಮೊದಲು ಕೊಂಬೆಗಳನ್ನು ಸವರಿ, ಜೂನಿನಿಂದ ಸುರಿವ ಮಳೆಯಲ್ಲಿ ಗಿಡಕ್ಕೆ ಬೆಳಕೂ ಗಾಳಿಯೂ ದೊರೆಯುವಂತೆ ಮಾಡುವರು. ಬೇಸಗೆಯ ವೇಳೆಗೆ ಮರವು ಮತ್ತೆ ಚಿಗುರಿ ನೆರಳನ್ನು ಕೂಡಿಸಿಕೊಳ್ಳುವುದು. ನೆರಳು ಹೆಚ್ಚಾದರೆ ಕೊಳೆರೋಗ, ಕಡಮೆಯಾದರೆ ಕೊರಕ. ಇಳಿಜಾರಿನ ಗಿಡಗಳ ನಡುವೆ ತೋಡುವ ತೊಟ್ಟಿಲುಗುಂಡಿಯು ಓಡುವ ನೀರನ್ನು ನಿಲ್ಲಿಸಿ ಮಣ್ಣನ್ನು ಹಿಡಿಯುವುದು. ಬೆಳಕು, ನೀರು, ಕಾಲ ಈ ಮೂರನ್ನೂ ಹದವರಿತು ಬಳಸುವುದು ರಚನೆಯಲ್ಲವಾದರೆ ರಚನೆಯೆಂಬ ಮಾತಿಗೆ ಅರ್ಥವಿಲ್ಲ.

ಆದರೆ ತೋಟವನ್ನು ಹೊಗಳುವ ಭರದಲ್ಲಿ ಸತ್ಯವನ್ನು ಮರೆಯಬಾರದು. ಅದು ಕಾಡಲ್ಲ, ಕಾಡನ್ನು ಕಡಿದೇ ಹುಟ್ಟಿದ್ದು. ಅದನ್ನು ಕಟ್ಟಿದ ಕೈಗಳು ಘಟ್ಟದ ಕೆಳಗಿನಿಂದಲೂ ತಮಿಳುಸೀಮೆಯಿಂದಲೂ ಬಂದ ಕೂಲಿಗಳವು, ಸ್ಥಳೀಯ ದಲಿತ ಕುಟುಂಬಗಳವು. ಬಂಗಲೆಗೆ ಬೆಟ್ಟದ ನೋಟವನ್ನು ಆರಿಸಿದ ಕಣ್ಣು ಲೈನುಮನೆಗಳಿಗೆ ಅದನ್ನು ಆರಿಸಲಿಲ್ಲ. ಮರವೇರಿ ಕೊಂಬೆ ಸವರುವವನ ವಿವೇಕವೇ ಚಪ್ಪರದ ಆಕಾರವನ್ನು ನಿರ್ಣಯಿಸುವುದಾದರೂ ಅವನನ್ನು ರಚನಕಾರನೆಂದು ಕರೆದವರು ವಿರಳ. ಕಾವ್ಯದ ಉದ್ಯಾನದಲ್ಲಿ ಕಂಡ ಮರೆವು ಇಲ್ಲಿಯೂ ಮುಂದುವರಿದಿದೆ.

ಈಗ ಈ ರಚನೆಯು ಎರಡು ಕಡೆಯಿಂದ ಸಡಿಲುತ್ತಿದೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಬೇಗ ಬೆಳೆಯುವುದು, ನೇರವಾಗಿ ನಿಲ್ಲುವುದು, ಮೆಣಸಿಗೆ ಆಸರೆಯಾಗುವುದು. ಬೀಟೆ ಮೊದಲಾದ ನಾಡಮರಗಳನ್ನು ಕಡಿಯಲು ಸರ್ಕಾರದ ಅಪ್ಪಣೆಯ ತೊಡಕುಂಟು. ಸಿಲ್ವರ್ ಓಕಿಗೆ ಅದಿಲ್ಲ. ಮರವನ್ನು ಕಾಯಲೆಂದು ಮಾಡಿದ ಕಟ್ಟಳೆಯೇ ಆ ಮರವನ್ನು ನೆಡದಿರುವುದಕ್ಕೆ ಕಾರಣವಾಗುತ್ತಿರುವುದು ವಿಪರ್ಯಾಸ. ಆಳಿನ ಅಭಾವದಲ್ಲಿಯೂ ಬೆಲೆಯ ಏರಿಳಿತದಲ್ಲಿಯೂ ಸಿಕ್ಕಿದ ಬೆಳೆಗಾರನನ್ನು ಇದಕ್ಕಾಗಿ ದೂಷಿಸುವುದು ಸುಲಭ, ನ್ಯಾಯವಲ್ಲ. ಎರಡನೆಯದು ಅತಿಥಿಗಳಿಗಾಗಿ ತೋಟದ ನಡುವೆ ಹಾಸುತ್ತಿರುವ ಹುಲ್ಲುಹಾಸು ಮತ್ತು ಹೊರದೇಶದ ತಾಳೆಯ ಸಾಲು. ಫೆಬ್ರವರಿ ಮಾರ್ಚಿಯಲ್ಲಿ ಕಾಫಿ ಹೂವಾಗಲು ನೀರು ಬೇಕು. ಹುಲ್ಲುಹಾಸಿಗೂ ಆಗಲೇ ಬೇಕು. ಒಂದೇ ಹಳ್ಳ ಎರಡಕ್ಕೂ ಒದಗಬೇಕಾದಾಗ ಉದ್ಯಾನವು ತೋಟದ ಬಾಯಿಯಿಂದ ನೀರನ್ನು ಕಿತ್ತುಕೊಳ್ಳುವುದು. ಇಲ್ಲಿ ರುಚಿಯ ತಪ್ಪೂ ನೀತಿಯ ತಪ್ಪೂ ಒಂದೇ.

ಬೇರೆ ದಾರಿಯಿಲ್ಲವೆಂದಲ್ಲ. ಸಿಂಹಳದ ಜೆಫ್ರಿ ಬಾವಾ (೧೯೧೯–೨೦೦೩) ೧೯೪೮ರಲ್ಲಿ ಪಾಳುಬಿದ್ದ ರಬ್ಬರ್ ತೋಟವೊಂದನ್ನು ಕೊಂಡು, ಸುಮಾರು ಅರ್ಧಶತಮಾನ ತಿದ್ದಿ ಲುನುಗಂಗವೆಂಬ ಉದ್ಯಾನವನ್ನಾಗಿಸಿದರು. ಇದ್ದುದನ್ನು ತೆಗೆಯುವುದರಿಂದಲೇ ದೃಶ್ಯವನ್ನು ರಚಿಸಿದ ಅವರ ಸಂಯಮವು ಮರಗಸಿಯವನ ಸಂಯಮಕ್ಕೆ ಸಮೀಪವಾದುದು. ಆದರೂ ಒಂದು ಭೇದವುಂಟು: ಲುನುಗಂಗವು ಫಸಲಿನ ಹೊಣೆಯಿಂದ ಬಿಡುಗಡೆ ಹೊಂದಿದ ನೆಲ, ಕಾಫಿಯ ಮಲೆಗಳಿಗೆ ಆ ಬಿಡುಗಡೆಯಿಲ್ಲ. ಆದುದರಿಂದ ಬಾವಾ ಇಲ್ಲಿ ಗುರುವಾಗಬಲ್ಲರೇ ಹೊರತು ಮಾದರಿಯಾಗಲಾರರು.

ಕನ್ನಡ ಸಾಹಿತ್ಯವು ಈ ವಿಷಯದಲ್ಲಿ ಶಾಸ್ತ್ರಕ್ಕಿಂತ ಮುಂದಿದೆ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬರೆದ ಪೂರ್ಣಚಂದ್ರ ತೇಜಸ್ವಿಯವರ (೧೯೩೮–೨೦೦೭) ಕೃತಿಗಳಲ್ಲಿ, ೧೯೮೦ರ 'ಕರ್ವಾಲೊ' ಮೊದಲ್ಗೊಂಡು, ಕಾಡು ತೋಟಗಳು ವರ್ಣನೆಯ ವಸ್ತುವಾಗಿಲ್ಲ. ಬದುಕುವವರೂ ದುಡಿಯುವವರೂ ಹುಡುಕುವವರೂ ಇರುವ ನೆಲೆಯಾಗಿವೆ. ಹದಿನೆಂಟು ವರ್ಣನೆಗಳ ಉದ್ಯಾನವನ್ನು ಅವರು ತೋಟವಾಗಿ ತಿರುಗಿಸಿದರೆನ್ನಬಹುದು.

ಭೂದೃಶ್ಯರಚನಕಾರರಿಂದ ಅಪೇಕ್ಷಿಸತಕ್ಕದ್ದೂ ಇದೇ ತಿರುವು. ಅವರ ಕೃತಿಯನ್ನು ಅಳೆಯುವಾಗ ಅದು ಮೊದಲ ದಿನ ಹೇಗೆ ಕಂಡಿತೆಂಬುದನ್ನಲ್ಲ, ಹತ್ತು ಮಳೆಗಾಲಗಳ ಮೇಲೆ ಹಳ್ಳದಲ್ಲಿ ನೀರು ಉಳಿಯಿತೆ, ಅದನ್ನು ಕಾಪಾಡುವವನಿಗೆ ನೆರಳು ದೊರೆಯಿತೆ ಎಂಬುದನ್ನು ಕೇಳಬೇಕು. ಬಂದವರಿಗೆಲ್ಲ ಅನ್ನವನ್ನಿಕ್ಕುವ ಅನ್ನಪೂರ್ಣೆಯ ಕ್ಷೇತ್ರವಾದ ಹೊರನಾಡಿನ ಸುತ್ತಣ ನೆಲಕ್ಕೆ ಇದಕ್ಕಿಂತ ಉಚಿತವಾದ ಅಳತೆಗೋಲಿಲ್ಲ: ಅಲ್ಲಿ ಚೆಲುವು ಉಣಿಸುವುದರಿಂದ ಬೇರೆಯಾಗಿ ಎಂದೂ ನಿಂತದ್ದಲ್ಲ.